ಜಗಳೂರಿಗೆ ಮಾತ್ರ ಮುಟ್ಟಿದ ಮೇಲ್

ಸಂದರ್ಶನ ಮುಗಿದು ಮೂರ್ನಾಲ್ಕು ದಿನವಾದ ಮೇಲೆ ಸಾಸ್ವೆಹಳ್ಳಿಯ ಹೆಂಗಸೊಬ್ಬಳು ನ್ಯಾಮತಿಯ ತರಬೇತಿ ಸಂಸ್ಥೆಯ ಕಚೇರಿಗೆ ಬಂದು, ಸಂದರ್ಶನ ಯಾವತ್ತು ಎಂದು ಕೇಳಿದಳು. ಆ ಸಂಸ್ಥೆಯ ಕಂಪ್ಯೂಟರ್ ಕೆಲಸ ಮಾಡಿಕೊಡುವವಳು ನಾನು, ಅವತ್ತು ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಕಾರ್ಯದರ್ಶಿಗಳು ಕನ್ನಡಕದ ಮೇಲಿಂದ ನೋಡಿ, ಅದೆಲ್ಲ ಮುಗಿದು ಹೋಯಿತಲ್ಲಮ್ಮ ಎಂದರು. ಆಕೆ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಚೀಲದಿಂದ ಫೋನ್ ತೆಗೆದು, ಮೇಲ್ ಬರುವ ಜಾಗ ತೆರೆದು ಮೇಜಿನ ಮೇಲಿಟ್ಟಳು.

"ದಿನಾ ಬೆಳಿಗ್ಗೆ ನೋಡಿದೀನ್ರಿ. ಬಂದಿಲ್ಲ. ಬೇಕಾದ್ರೆ ನೀವೇ ನೋಡ್ರಿ."

ನಾನೇ ನೋಡಿದೆ. ಇನ್‌ಬಾಕ್ಸಿನಲ್ಲಿ ಇರಲಿಲ್ಲ. ಮೂಲೆಯ ಮೂರು ಗೆರೆ ಒತ್ತಿ ಸ್ಪ್ಯಾಮ್ ಎಂಬ ಡಬ್ಬಿ ತೆರೆದೆ. ಸಾಲ ಕೊಡುತ್ತೇವೆ ಎನ್ನುವವರ ಒಂದು ಮೇಲ್, ಕೂದಲು ಬೆಳೆಸುವ ಎಣ್ಣೆಯವರ ಒಂದು ಮೇಲ್, ಅವೆರಡರ ನಡುವೆ ನಮ್ಮ ಸಂಸ್ಥೆಯ ಸಂದರ್ಶನದ ಪತ್ರ. ಸಂದರ್ಶನಕ್ಕೆ ಮೊದಲೇ ಬಂದು ಸುಮ್ಮನೆ ಕೂತಿತ್ತು. ಆಕೆ ಬಗ್ಗಿ ನೋಡಿದಳು.

"ಹಿಂಗೊಂದು ಕೋಣೆ ಐತೆ ಅಂತ ನಂಗ್ಯಾರೂ ಹೇಳೇ ಇರ್ಲಿಲ್ಲ," ಎಂದಳು.

ಆ ಸಂಸ್ಥೆ ಕೊಡುವುದು ರೋಗಿಗಳ ಆರೈಕೆಯ ತರಬೇತಿ. ಒಂದು ವರ್ಷ ಹಾಸ್ಟೆಲಿನಲ್ಲಿದ್ದು ಕಲಿಯಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಹೆಂಗಸರಿಗೆ ಮಾತ್ರ. ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಅದಿದ್ದರೆ ದಾವಣಗೆರೆ, ಶಿವಮೊಗ್ಗದ ಆಸ್ಪತ್ರೆಗಳಲ್ಲಿ ಕೆಲಸವೂ ಸಿಗುತ್ತದೆ. ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಸಾಸ್ವೆಹಳ್ಳಿಯವಳಿಗೆ ಆ ವರ್ಷ ಮೂವತ್ತೈದು. ಗಂಡ ಸಂತೆಗಳಲ್ಲಿ ಬಳೆ ಮಾರುತ್ತಿದ್ದ. ಹಾಸಿಗೆ ಹಿಡಿದ ಅತ್ತೆಯನ್ನು ಈಕೆ ವರ್ಷಗಟ್ಟಲೆ ನೋಡಿಕೊಂಡಿದ್ದಳು, ಅತ್ತೆ ತೀರಿಕೊಂಡ ಮೇಲೆ ಊರಿನ ಬೇರೆಯವರ ಮನೆಗಳಿಂದಲೂ ಕರೆ ಬರುತ್ತಿತ್ತಂತೆ. "ಮಗ್ಗುಲು ಹೊರಳಿಸೋದು, ಬೆನ್ನು ಹುಣ್ಣಾಗದಂಗೆ ನೋಡ್ಕಳ್ಳೋದು, ಮೂಗಿನ ನಳಿಗೇಲಿ ಗಂಜಿ ಬಿಡೋದು, ಎಲ್ಲಾ ಗೊತ್ತೈತ್ರಿ. ಗೊತ್ತೈತೆ ಅಂತ ಒಂದು ಕಾಗದ ಇಲ್ಲ. ಮುಂದಿನ ವರ್ಷಕ್ಕೆ ನಂಗೆ ವಯಸ್ಸು ಮೀರ್ತೈತೆ," ಎಂದು ಕಾರ್ಯದರ್ಶಿಗಳಿಗೆ ಹೇಳಿದಳು. ಬೇಡುವ ದನಿಯಲ್ಲಿ ಅಲ್ಲ, ಅಂಗಡಿಯಲ್ಲಿ ಸಾಮಾನಿನ ಹೆಸರು ಹೇಳುವ ದನಿಯಲ್ಲಿ.

"ಮೇಲ್ ಹೋಗೈತೆ ಅಂತ ನಮ್ಮ ಕಂಪ್ಯೂಟರ್ ತೋರಿಸ್ತೈತಮ್ಮ. ನೀವು ನೋಡದಿದ್ರೆ ನಾವೇನು ಮಾಡಾಕಾಗ್ತೈತೆ?" ಎಂದರು ಕಾರ್ಯದರ್ಶಿಗಳು.

ನನಗೆ ರೇಗಿತು. ತಪ್ಪು ಇವರದ್ದಲ್ಲ, ಸ್ಪ್ಯಾಮಿಗೆ ಬಿದ್ದ ಪತ್ರ ತಲುಪಿದ ಪತ್ರವಲ್ಲ ಎಂದೆ. ಅವರು ಒಂದಷ್ಟು ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಸಂದರ್ಶನಕ್ಕೆ ಬಂದವರೇ ಕಡಿಮೆಯಾಗಿ ಕೆಲವು ಸೀಟುಗಳು ಉಳಿದಿದ್ದವು. ಕೊನೆಗೆ ಅವರು ಹೇಳಿದ್ದು ಇಷ್ಟು: ಮೇಲ್ ರಿಪೇರಿಯಾಗಲಿ, ಬರದೇ ಇದ್ದವರನ್ನೆಲ್ಲ ಇನ್ನೊಂದು ಸಲ ಕರೆಯೋಣ. ತರಬೇತಿ ಶುರುವಾಗುವುದರೊಳಗೆ ಆಗದಿದ್ದರೆ ಅದೂ ಇಲ್ಲ.

ಫೋನ್ ಮಾಡಿ ಕರೆಯಬಹುದಿತ್ತು. ಅದನ್ನು ನಾನು ಹೇಳದೆ ಇರಲಿಲ್ಲ. ಕಾರ್ಯದರ್ಶಿಗಳು ಸರ್ಕಾರಿ ಕಚೇರಿಯಲ್ಲಿ ನಿವೃತ್ತರಾದವರು. ಫೋನ್ ಮಾಡಿದರೆ ಬೇಕಾದವರಿಗೆ ಮಾಡಿದರು, ಬೇಡಾದವರಿಗೆ ಬಿಟ್ಟರು ಎಂದು ಅರ್ಜಿ ಬರೆಯುವವರು ಹುಟ್ಟುತ್ತಾರೆ ಎನ್ನುವುದು ಅವರ ಅನುಭವ. "ಮೇಲ್ ಅಂದ್ರೆ ದಾಖಲೆ ಮೇಡಂ. ವಾಟ್ಸಾಪ್ ಅಂದ್ರೆ ಹರಟೆ," ಎನ್ನುತ್ತಿದ್ದರು. ಜೊತೆಗೆ, ದುಡ್ಡು ಕೊಡುವ ದಾನಿಗಳು ಪತ್ರಗಳೆಲ್ಲ ಸಂಸ್ಥೆಯ ಸ್ವಂತ ವಿಳಾಸದಿಂದಲೇ ಹೋಗಬೇಕೆಂದು ಷರತ್ತು ಹಾಕಿದ್ದರು. ಎಲ್ಲರೂ ಬಳಸುವ ಬಿಟ್ಟಿ ವಿಳಾಸ ಆಗದು.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಚನ್ನಗಿರಿಯಲ್ಲಿ ಮಹಡಿಯ ಮೇಲೊಂದು ಕೋಣೆ, ಎರಡು ಕಂಪ್ಯೂಟರ್, ಒಂದು ಫ್ಯಾನು. ಶಾಲೆಗಳಿಗೆ, ಔಷಧಿ ಅಂಗಡಿಗಳಿಗೆ, ಇಂಥ ಸಂಸ್ಥೆಗಳಿಗೆ ಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಮಾಡಿಕೊಟ್ಟ ಮೇಲೆ ವರ್ಷಗಟ್ಟಲೆ ಅದರ ಸಲುವಾಗಿ ಬೈಸಿಕೊಳ್ಳುತ್ತೇನೆ. ಮೊದಲು ಈ ಸಂಸ್ಥೆಯ ಅರ್ಜಿಗಳೆಲ್ಲ ನ್ಯಾಮತಿಯ ಕಚೇರಿಯ ಮೆಟ್ಟಿಲ ಕೆಳಗಿನ ಕಂಪ್ಯೂಟರಿನಲ್ಲಿದ್ದವು. ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಒಂದು ಸಲ ಇಲಿ ತಂತಿ ಕಡಿದು, ಒಂದು ವಾರ ಯಾರ ಅರ್ಜಿ ಎಲ್ಲಿದೆ ಎಂದೇ ತಿಳಿಯದಂತಾಯಿತು. ಕ್ಲೌಡ್‌ಗೆ ಹಾಕೋಣ ಎಂದು ನಾನೇ ಹೇಳಿದೆ.

"ಕ್ಲೌಡ್ ಅಂದ್ರೆ ಎಲ್ಲಿ?" ಎಂದರು ಕಾರ್ಯದರ್ಶಿಗಳು.

"ಮುಂಬೈನಲ್ಲಿ ಇರಬಹುದು ಸರ್."

"ಇರಬಹುದು ಅಂದ್ರೆ?"

ನಾವು ನೋಡದ ಊರಿನ, ನೋಡದ ಕಟ್ಟಡದಲ್ಲಿ, ನಮ್ಮದಲ್ಲದ ದೊಡ್ಡ ಯಂತ್ರದಲ್ಲೊಂದು ತುಂಡನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದೆವು. ಕರೆಂಟಿನ ಗೊಡವೆಯಿಲ್ಲ, ಇಲಿಯ ಗೊಡವೆಯಿಲ್ಲ. ಅರ್ಜಿಗಳು ಸಲೀಸಾಗಿ ಬಂದು ಬೀಳತೊಡಗಿದವು. ಒಳಗೆ ಬರುವುದಕ್ಕೆ ಯಾವ ತಕರಾರೂ ಇರಲಿಲ್ಲ. ಹೊರಗೆ ಕಳಿಸುವುದಕ್ಕೆ ಹೋದಾಗ ನನ್ನ ಗ್ರಹಚಾರ ಶುರುವಾಯಿತು.

ಮೇಲ್ ಹೊರಡುವುದಕ್ಕೆಂದೇ ಸರ್ವರಿನಲ್ಲಿ ಒಂದು ಬಾಗಿಲಿರುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಆ ಬಾಗಿಲಿಗೆ ಬೀಗ. ಹಿಂದೆ ಯಾರ್‍ಯಾರೋ ಇಂಥ ಸರ್ವರ್ ಹಿಡಿದು ಲಾಟರಿ ಹೊಡೆದಿದೆ ಎಂದು ಲೋಕಕ್ಕೆಲ್ಲ ಮೇಲ್ ಬಿಟ್ಟಿದ್ದರಿಂದ, ಎಲ್ಲರನ್ನೂ ಮೊದಲು ಕಳ್ಳರೆಂದೇ ಲೆಕ್ಕ ಹಿಡಿಯುವುದು ಬಾಡಿಗೆ ಕೊಟ್ಟ ಕಂಪನಿಯ ಪದ್ಧತಿ. ಬೀಗ ತೆಗೆಸಲು ಅರ್ಜಿ ಹಾಕಬೇಕು. ಹಾಕಿದೆ. ಉತ್ತರ ಬರೆಯುವವರು ಪ್ರತಿ ಸಲವೂ ಬೇರೆ, ಮೊದಲ ಸಾಲು ಮಾತ್ರ ಒಂದೇ: ನಿಮ್ಮ ತಾಳ್ಮೆಗೆ ಧನ್ಯವಾದ. ನನ್ನ ತಾಳ್ಮೆಗೆ ಧನ್ಯವಾದ ಹೇಳಿದವರು ನನ್ನ ಜೀವಮಾನದಲ್ಲಿ ಅವರು ಮಾತ್ರ. ಯಾರಿಗೆ ಕಳಿಸುತ್ತೀರಿ, ಏಕೆ ಕಳಿಸುತ್ತೀರಿ, ಅವರು ಕೇಳಿದ್ದಾರೆಯೇ ಎಂದೆಲ್ಲ ವಿಚಾರಿಸಿ, ಕೊನೆಗೆ ಬೀಗ ತೆಗೆದರು.

ಬಾಗಿಲು ತೆರೆದ ಮೇಲೆ ಗೊತ್ತಾಯಿತು, ನಮಗೆ ಸಿಕ್ಕ ಸರ್ವರಿನ ನಂಬರಿಗೇ, ಅಂದರೆ ಇಂಟರ್‌ನೆಟ್ಟಿನಲ್ಲಿ ಅದರ ಮನೆ ನಂಬರಿಗೇ, ಕೆಟ್ಟ ಹೆಸರಿತ್ತು. ಚನ್ನಗಿರಿಯಲ್ಲಿ ನಾನು ಮೊದಲು ಹಿಡಿದಿದ್ದ ಬಾಡಿಗೆ ಮನೆಯಲ್ಲಿ ನನಗಿಂತ ಮುಂಚೆ ಚೀಟಿ ನಡೆಸಿ ಓಡಿಹೋದವನೊಬ್ಬ ಇದ್ದ. ಆರು ತಿಂಗಳ ತನಕ ಅವನನ್ನು ಕೇಳಿಕೊಂಡು ಬಂದವರಿಗೆ ನಾನು ಬಾಗಿಲು ತೆರೆದು ನನ್ನ ಮುಖ ತೋರಿಸಬೇಕಾಗಿತ್ತು. ಇಲ್ಲಿಯೂ ಅದೇ ಆಯಿತು. ಕೆಟ್ಟ ನಂಬರುಗಳ ಪಟ್ಟಿ ಇಟ್ಟುಕೊಂಡವರು ದೇಶದೇಶಗಳಲ್ಲಿದ್ದಾರೆ. ಒಬ್ಬೊಬ್ಬರಿಗೂ ಬರೆದು, ಅವನು ನಾನಲ್ಲ ಸ್ವಾಮಿ ಎಂದು ಹೇಳಿಕೊಂಡೆ. ಕೆಲವರು ಹೆಸರು ತೆಗೆದರು, ಕೆಲವರು ಉತ್ತರವನ್ನೇ ಕೊಡಲಿಲ್ಲ. ಬೇಸತ್ತು ಕಂಪನಿಯವರಿಂದ ಬೇರೆ ನಂಬರು ಹಾಕಿಸಿಕೊಂಡೆ.

ಆಮೇಲೆ ಗುರುತಿನ ಕೆಲಸ. ಸಂಸ್ಥೆಯ ಹೆಸರಿನಲ್ಲಿ ಪತ್ರ ಹಾಕಲು ಈ ಯಂತ್ರಕ್ಕೆ ಹಕ್ಕಿದೆ ಎಂದು ಎಲ್ಲರಿಗೂ ಕಾಣುವ ಜಾಗದಲ್ಲಿ ಒಂದು ಸಾಲು ಬರೆದಿಡಬೇಕು. ಪ್ರತಿ ಪತ್ರಕ್ಕೂ ಕಣ್ಣಿಗೆ ಕಾಣದ ಒಂದು ಸಹಿ ಬೀಳಬೇಕು. ನಂಬರಿನಿಂದ ಹೆಸರು ಕೇಳಿದರೂ, ಹೆಸರಿನಿಂದ ನಂಬರು ಕೇಳಿದರೂ ಒಂದೇ ಉತ್ತರ ಬರಬೇಕು. ಇದನ್ನೆಲ್ಲ ಮಾಡಿ, ನನಗೇ ನಾನು ಒಂದು ಮೇಲ್ ಕಳಿಸಿಕೊಂಡೆ. ಇನ್‌ಬಾಕ್ಸಿಗೆ ಬಂದು ಕೂತಿತು. ಅವತ್ತು ಖುಷಿಗೆ ಮಧ್ಯಾಹ್ನವೇ ಕೋಣೆಗೆ ಬೀಗ ಹಾಕಿ ಹೋಗಿ ಬೆಣ್ಣೆದೋಸೆ ತಿಂದೆ.

ಅರ್ಜಿ ಹಾಕಿದವರಿಗೆಲ್ಲ, ನಿಮ್ಮ ಅರ್ಜಿ ಬಂದಿದೆ ಎಂದು ಒಂದು ಮೇಲ್ ಹೋಗುವಂತೆ ಮಾಡಿದ್ದೆ. ಅವು ಹೋದವು. ಕೆಲವು ವಾರಗಳ ನಂತರ ಸಂದರ್ಶನದ ಪತ್ರಗಳು ಹೋದವು. ಸಂದರ್ಶನಕ್ಕೆ ಬಂದವರು ಹೆಚ್ಚುಕಮ್ಮಿ ಎಲ್ಲರೂ ಜಗಳೂರು ತಾಲ್ಲೂಕಿನವರು. ನಾಲ್ಕು ತಾಲ್ಲೂಕಿನಲ್ಲಿ ನ್ಯಾಮತಿಗೆ ಅತ್ಯಂತ ದೂರ ಇರುವುದು ಜಗಳೂರೇ. ಅಷ್ಟು ದೂರದಿಂದ ಬೆಳಿಗ್ಗೆಯೇ ಬಂದು, ಪ್ರಿಂಟ್ ಹಾಕಿಸಿದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಸಾಲಾಗಿ ಕೂತಿದ್ದರು. ಪಕ್ಕದ ಸವಳಂಗದಿಂದ ಒಬ್ಬರೂ ಇಲ್ಲ, ಕೂಗಳತೆಯ ಹಳ್ಳಿಗಳಿಂದಲೂ ಇಲ್ಲ. ಕಾರ್ಯದರ್ಶಿಗಳಿಗೆ ಜಗಳೂರಿನವರ ಮೇಲೆ ಬಹಳ ಅಭಿಮಾನ ಬಂತು. "ನೋಡ್ರಿ ಮೇಡಂ, ಅವರಿಗೆ ಆಸಕ್ತಿ ಐತೆ. ನಮ್ಮೋರಿಗಿಲ್ಲ," ಎಂದರು. ನಾನೂ ಆಗ ಹೌದಿರಬಹುದು ಎಂದುಕೊಂಡಿದ್ದೆ. ಸಾಸ್ವೆಹಳ್ಳಿಯವಳು ಬಂದು ಫೋನ್ ಮೇಜಿನ ಮೇಲಿಟ್ಟ ಮೇಲೆಯೇ ಉಳಿದವರಿಗೆಲ್ಲ ಫೋನ್ ಮಾಡಿಸಿ ನೋಡಿದ್ದು. ಚನ್ನಗಿರಿಯವರ ಪತ್ರ ಸ್ಪ್ಯಾಮಿನಲ್ಲಿ, ಹೊನ್ನಾಳಿಯವರದ್ದು ಸ್ಪ್ಯಾಮಿನಲ್ಲಿ, ನ್ಯಾಮತಿಯವರದ್ದೂ ಅಲ್ಲೇ.

ಯಂತ್ರವನ್ನು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಸರಿಯಾಗಿರುವುದೇ ನನ್ನ ತಲೆ ಕೆಡಿಸಿತು. ದಿನಾ ಬೆಳಿಗ್ಗೆ ಏನಾದರೊಂದು ಬದಲಿಸಿ, ಸಾಸ್ವೆಹಳ್ಳಿಯವಳಿಗೆ ಒಂದು ಪರೀಕ್ಷೆಯ ಮೇಲ್ ಕಳಿಸತೊಡಗಿದೆ. ಆಕೆಯೇ ಒಪ್ಪಿಕೊಂಡಿದ್ದಳು. ಹತ್ತು ನಿಮಿಷ ಬಿಟ್ಟು ಫೋನ್ ಬರುತ್ತಿತ್ತು.

"ಇವತ್ತೂ ಆ ಕೋಣೆಗೇ ಬಂದೈತೆ ಮೇಡಂ."

"ಅದನ್ನ ಅಲ್ಲಿಂದ ಈಚೆ ತೆಗೀಬೇಡ್ರಿ. ಸ್ಪ್ಯಾಮ್ ಅಲ್ಲ ಅಂತ ಒತ್ತಬೇಡ್ರಿ. ಹಂಗೆ ಮಾಡಿದ್ರೆ ನಿಮ್ಮ ಫೋನಿಗೆ ಮಾತ್ರ ಸರಿ ಹೋಗ್ತದೆ, ನಂಗೆ ನಿಜ ಗೊತ್ತಾಗಲ್ಲ."

"ಒತ್ತಲ್ಲ ಬಿಡ್ರಿ."

ಒತ್ತಲೂ ಇಲ್ಲ. ಒಂದು ದಿನವೂ ಯಾಕೆ ತಡ ಎಂದು ಕೇಳಲಿಲ್ಲ. ಕೆಲವು ದಿನ ಹಿನ್ನೆಲೆಯಲ್ಲಿ ಸಂತೆಯ ಗದ್ದಲ ಕೇಳಿಸುತ್ತಿತ್ತು, ಬಳೆಗಳ ಸದ್ದು ಕೇಳಿಸುತ್ತಿತ್ತು. ತರಬೇತಿ ಯಾವತ್ತು ಶುರು ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಜಗಳೂರು ಮಾತ್ರ ನನಗೆ ಬಿಡಿಸಲಾಗದ ಗಂಟಾಗಿತ್ತು. ಅರ್ಜಿಗಳನ್ನು ತೆಗೆದು ನೋಡಿದೆ. ಆ ತಾಲ್ಲೂಕಿನ ಅರ್ಜಿಗಳಲ್ಲೆಲ್ಲ ಒಂದೇ ಮೇಲ್ ವಿಳಾಸವಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಆನ್‌ಲೈನ್ ಅರ್ಜಿ ಹಾಕುವುದು ಜೆರಾಕ್ಸ್ ಅಂಗಡಿಯಲ್ಲಿ. ಮೇಲ್ ಇಲ್ಲದವರು ಅಂಗಡಿಯವನ ಮೇಲನ್ನೇ ಕೊಡುತ್ತಾರೆ. ಎಲ್ಲರ ಪತ್ರವೂ ಅವನಿಗೆ ಬರುತ್ತದೆ, ಅವನು ಪ್ರಿಂಟ್ ತೆಗೆದು ಹೇಳಿ ಕಳಿಸುತ್ತಾನೆ. ಆದರೆ ಎಲ್ಲರ ಡಬ್ಬಿಯಲ್ಲೂ ಸ್ಪ್ಯಾಮಿಗೆ ಬೀಳುವ ಪತ್ರ ಈತನಿಗೊಬ್ಬನಿಗೆ ಹೇಗೆ ಸಿಕ್ಕಿತು? ಫೋನ್ ಮಾಡಿ ಕೇಳಿದೆ. "ಬರ್ತಾವಲ್ರಿ ಮೇಡಂ. ಒಂದೂ ತಪ್ಪಿಲ್ಲ. ನಿಮ್ಮ ಸಂಸ್ಥೆ ಮೇಲ್ ಭಾರಿ ಕರೆಕ್ಟಾಗಿ ಬರ್ತಾವೆ," ಎಂದ. ಅಷ್ಟು ದಿನದಲ್ಲಿ ನನ್ನ ಕೆಲಸವನ್ನು ಹೊಗಳಿದವನು ಅವನೊಬ್ಬ. ನೋಡಿಯೇ ಬರೋಣ ಎಂದು ಹೊರಟೆ.

ಚನ್ನಗಿರಿಯಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದಂದಿನಿಂದ ಸೀಟು ಸಿಗುವುದು ಪುಣ್ಯದ ಮಾತು. ಸಂತೇಬೆನ್ನೂರಿನ ತನಕ ನಿಂತೇ ಇದ್ದೆ. ರಸ್ತೆಯ ಒಂದು ಬದಿಗೆ ಮೆಕ್ಕೆಜೋಳ ಹರವಿದ್ದರು, ಡ್ರೈವರು ಅವರನ್ನು ಬೈಯುತ್ತಾ ಇನ್ನೊಂದು ಬದಿಯಲ್ಲಿ ಹೋದ. ಜಗಳೂರು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅಂಗಡಿ ಬಸ್ ನಿಲ್ದಾಣಕ್ಕೆ ಹತ್ತಿರವೇ ಇತ್ತು. ಐವತ್ತರ ಆಸುಪಾಸಿನ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಮನುಷ್ಯ. ಚನ್ನಗಿರಿಯಿಂದ ಬಂದೆ ಎಂದ ಕೂಡಲೇ ಸ್ಟೂಲು ಒರೆಸಿ ಕೊಟ್ಟು, ಟೀ ತರಿಸಿದ. ಅಂಗಡಿ ಅಚ್ಚುಕಟ್ಟಾಗಿತ್ತು. ಯಾರೋ ಮರೆತು ಹೋದ ಅಂಕಪಟ್ಟಿ, ಆಧಾರ್ ಪ್ರತಿಗಳನ್ನೆಲ್ಲ ಹಳ್ಳಿವಾರು ಕಟ್ಟು ಕಟ್ಟಿ ಗೋಡೆಯ ಗೂಡುಗಳಲ್ಲಿ ಜೋಡಿಸಿದ್ದ. ಒಂದು ಕಾಗದವನ್ನೂ ಎಸೆಯುವುದಿಲ್ಲವಂತೆ. ನಮ್ಮ ಸಂಸ್ಥೆಯ ಮೇಲ್ ತೋರಿಸಿ ಅಣ್ಣಾ ಎಂದೆ. ಅವನು ಹಿಂದುಮುಂದು ನೋಡದೆ ಸೀದಾ ಸ್ಪ್ಯಾಮ್ ಡಬ್ಬಿಯನ್ನೇ ತೆರೆದ.

ಅದರೊಳಗೆ ನಮ್ಮ ಪತ್ರಗಳೆಲ್ಲ ಸಾಲಾಗಿ ಇದ್ದವು. ನಮ್ಮವಷ್ಟೇ ಅಲ್ಲ, ಯಾರ್‍ಯಾರದ್ದೋ ಶಾಲೆ ಕಾಲೇಜುಗಳವೂ ಇದ್ದವು.

"ಇವೆಲ್ಲ ಇಲ್ಲಿಗೆ ಹೆಂಗೆ ಬಂದ್ವು?" ಎಂದೆ.

"ನಾನೇ ಹಾಕೋದ್ರಿ. ಪ್ರಿಂಟ್ ತೆಗೆದಾದ ಮೇಲೆ ಇಲ್ಲಿಗೆ ಹಾಕ್ತೀನಿ."

"ಯಾಕೆ?"

ಅವನು ಬಿಡಿಸಿ ಹೇಳಿದ. ಹೇಳುವಾಗ ಅವನಿಗೆ ತನ್ನ ಪದ್ಧತಿಯ ಬಗ್ಗೆ ಹೆಮ್ಮೆಯಿತ್ತು. "ಒಳಗೇ ಬಿಟ್ರೆ ಡಬ್ಬಿ ತುಂಬ್ತೈತೆ, ಹೊಸ ಮೇಲ್ ಬರಲ್ಲ. ಡಿಲೀಟ್ ಮಾಡಾಕೆ ನಂಗೆ ಮನಸ್ಸು ಬರಲ್ಲ ಮೇಡಂ. ಮಂದಿ ಕಾಗದ ಹರಿದು ಬಿಸಾಕಿದಂಗೆ ಅನ್ಸುತ್ತೆ. ಇಲ್ಲಿ ಹಾಕಿದ್ರೆ ಒಂದು ತಿಂಗಳು ಇರ್ತೈತೆ. ಪ್ರಿಂಟ್ ಕಳಕೊಂಡೋರು ಬಂದು ಕೇಳಿದ್ರೆ ಇನ್ನೊಂದು ತೆಗೆದು ಕೊಡಬೋದು. ತಿಂಗಳಾದ ಮೇಲೆ ತಾನಾಗೇ ಹೋಗ್ತೈತೆ, ನನ್ನ ಕೈಯಿಂದ ಅಲ್ಲ. ಮೊದ್ಲು ಒಂದೊಂದನ್ನೇ ಹಾಕ್ತಿದ್ದೆ. ಈಗ ಅದಕ್ಕೇ ಗೊತ್ತಾಗೈತೆ, ನಿಮ್ಮವೆಲ್ಲ ಸೀದಾ ಇಲ್ಲಿಗೇ ಬರ್ತಾವೆ. ಬೆಳಿಗ್ಗೆ ಬಂದ ತಕ್ಷಣ ನಾನು ನೋಡೋದೇ ಇದನ್ನ."

ಟೀ ಲೋಟ ಕೈಯಲ್ಲೇ ಉಳಿಯಿತು. ಅರ್ಜಿ ಬಂದಿದೆ ಎಂದು ನಾವು ಕಳಿಸಿದ ಒಂದೊಂದು ಮೇಲನ್ನೂ ಈತ ಪ್ರಿಂಟ್ ತೆಗೆದು, ಜೋಪಾನವಾಗಿ ಸ್ಪ್ಯಾಮಿಗೆ ಹಾಕಿದ್ದ. ಅರ್ಜಿಗಳಲ್ಲಿ ಮೂರರಲ್ಲೊಂದು ಪಾಲು ಜಗಳೂರಿನವು. ಹಾಗೆ ಹಾಕುವುದೆಂದರೆ, ಎಲ್ಲರ ವಿಳಾಸವೂ ಇರುವ ಆ ಒಂದೇ ಮೇಲ್ ಕಂಪನಿಗೆ, ಇವರು ತೊಂದರೆ ಕೊಡುವವರು, ಬೇಡಾದ ಮೇಲ್ ಕಳಿಸುವವರು ಎಂದು ದೂರು ಕೊಟ್ಟ ಹಾಗೆ. ಹೊಸ ನಂಬರು, ಹೊಸ ಹೆಸರು, ಪರಿಚಯವಿಲ್ಲದ ಕಂಪನಿಯ ಎದುರಿಗೆ ಮೊದಲ ವಾರದಿಂದಲೇ ದೂರಿನ ಮೇಲೆ ದೂರು. ಕಂಪನಿ ನಂಬದೆ ಏನು ಮಾಡೀತು? ಎಲ್ಲರ ಡಬ್ಬಿಯಲ್ಲೂ ನಮ್ಮನ್ನು ಸ್ಪ್ಯಾಮಿಗೆ ತಳ್ಳಿತು. ಅಲ್ಲಿ ಹುಡುಕುವ ಅಭ್ಯಾಸ ಇದ್ದದ್ದು ಇವನೊಬ್ಬನಿಗೆ. ನಮ್ಮ ಪತ್ರ ತಪ್ಪದೆ ಮುಟ್ಟುತ್ತಿದ್ದ ಒಂದೇ ಊರಿನಿಂದಲೇ ಉಳಿದ ಊರುಗಳ ದಾರಿ ಮುಚ್ಚಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ನಾನ್ಯಾಕೆ ಮೇಡಂ ನಿಮ್ಮ ಮೇಲೆ ಕಂಪ್ಲೇಂಟ್ ಕೊಡ್ಲಿ? ಜೀವಮಾನದಾಗೆ ಯಾರ ಮೇಲೂ ಕೊಟ್ಟೋನಲ್ಲ."

"ಗೊತ್ತಿಲ್ದೆ ಕೊಟ್ಟಿದೀರಿ ಅಣ್ಣಾ. ದಿನಾ ಕೊಟ್ಟಿದೀರಿ."

ಬಟನ್ನಿನ ಪಕ್ಕದ ಅಕ್ಷರಗಳನ್ನು ಓದಿ ಅರ್ಥ ಹೇಳಿದೆ. ಅವನು ಕನ್ನಡಕ ಏರಿಸಿ, ಪರದೆಯ ಹತ್ತಿರ ಮುಖ ತಂದು ನೋಡಿದ. ಬೆವರು ಒರೆಸಿಕೊಂಡ. ಆಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ನಾನು ಎಣಿಸಿದ್ದೇ ಅಲ್ಲ.

"ಹಂಗಾದ್ರೆ ನಮ್ಮ ಹುಡುಗೇರ ಸೀಟು ಹೋಗ್ತಾವೇನ್ರಿ?"

ಇಲ್ಲ, ಕೊಟ್ಟ ಸೀಟು ಕೊಟ್ಟದ್ದೇ ಎಂದೆ. ಅವನ ಮುಖ ಸಡಿಲವಾಯಿತು. "ಈ ಕಡೆಗೆ ಯಾವುದೂ ಇಷ್ಟು ಸುಲಭವಾಗಿ ಬರಲ್ರಿ ಮೇಡಂ. ಯಾವ ಆರ್ಡರ್ ಬಂದ್ರೂ ಕೊನೆಗೆ ಗೊತ್ತಾಗೋದು ನಮಗೇ," ಎಂದ. ಉಳಿದ ಸೀಟುಗಳ ಮಾತು ನಾನು ಎತ್ತಲಿಲ್ಲ. ಸಾಸ್ವೆಹಳ್ಳಿಯವಳ ವಿಷಯವನ್ನು ಮಾತ್ರ ಹೇಳಿದೆ. ಅವನು ಎದ್ದು, ಜೆರಾಕ್ಸ್ ಯಂತ್ರದ ಸ್ವಿಚ್ ಆರಿಸಿ, ನಿಂತಿದ್ದ ಗಿರಾಕಿಗಳಿಗೆ ಒಂದು ಗಂಟೆ ಬಿಟ್ಟು ಬರ್ರಿ ಎಂದು ಹೇಳಿ ಕಂಪ್ಯೂಟರಿನ ಮುಂದೆ ಕೂತ. ಒಂದೊಂದೇ ಮೇಲನ್ನು ತೆಗೆದು, ಇದು ಸ್ಪ್ಯಾಮ್ ಅಲ್ಲ ಎಂದು ಒತ್ತತೊಡಗಿದ. ಎಲ್ಲವನ್ನೂ ಒಟ್ಟಿಗೆ ಆರಿಸುವ ದಾರಿ ಇದೆ ಎಂದು ನಾನು ಹೇಳಿದೆ. ಬೇಡ, ಒಂದೊಂದೇ ಮಾಡ್ತೀನಿ ಎಂದ. ಮುಗಿದ ಪತ್ರಗಳಿಗೆ ಬೇರೆಯೇ ಒಂದು ಡಬ್ಬಿ ಮಾಡಿಕೊಟ್ಟು ನಾನು ಸಂಜೆಯ ಬಸ್ಸು ಹತ್ತಿದೆ.

ಕೆಟ್ಟ ಹೆಸರು ಅಳಿಯುವುದು ನಿಧಾನ. ಮರುದಿನವೂ ಸಾಸ್ವೆಹಳ್ಳಿಯಿಂದ ಅದೇ ಉತ್ತರ ಬಂತು, ಅದರ ಮರುದಿನವೂ. ನ್ಯಾಮತಿಗೆ ಫೋನ್ ಮಾಡಿ, ಕಾರಣ ಸಿಕ್ಕಿದೆ, ಸ್ವಲ್ಪ ಕಾಯಿರಿ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ. ಆಗಲಿ ಎಂದರು. ಅಷ್ಟರಲ್ಲಿ ಅವರ ಆಡಳಿತ ಮಂಡಳಿಯ ಸಭೆ ನಡೆಯಿತು. ಹಾಸ್ಟೆಲ್ ತುಂಬಿದ ವರದಿ ಬೇಕೆಂದು ದಾನಿಗಳು ಅವಸರ ಮಾಡುತ್ತಿದ್ದರಂತೆ. ಸಂದರ್ಶನದಲ್ಲಿ ಮೊದಲು ಆಯ್ಕೆಯಾಗದೆ ಉಳಿದಿದ್ದ ಜಗಳೂರಿನ ಹೆಂಗಸರನ್ನೇ ಉಳಿದ ಸೀಟುಗಳಿಗೆ ತೆಗೆದುಕೊಂಡು ಮುಗಿಸಿದರು.

"ಎದುರಿಗೆ ಬಂದು ನಿಂತೋರನ್ನ ಬಿಟ್ಟು, ಬರದೇ ಇದ್ದೋರಿಗೆ ಕಾಯಾಕಾಗ್ತೈತಾ ಮೇಡಂ?" ಎಂದರು ಕಾರ್ಯದರ್ಶಿಗಳು.

"ಅವರು ಬರದೇ ಇದ್ದದ್ದು ಯಾಕೆ ಅಂತ ನಿಮಗೆ ಗೊತ್ತಲ್ಲ ಸರ್."

"ನಂಗೆ ಗೊತ್ತೈತೆ. ಕಮಿಟಿಗೆ ಹೆಂಗೆ ಹೇಳ್ಲಿ? ಜಗಳೂರಿನ ಜೆರಾಕ್ಸ್ ಅಂಗಡಿ ಕತೆ ಹೇಳ್ಲಾ?"

ಒಂದೇ ಒಂದು ಸೀಟು ಎಂದು ಕೇಳಿದೆ. ಆಕೆಗೆ ಮುಂದಿನ ವರ್ಷ ಆಗುವುದಿಲ್ಲ ಎಂದೆ. ದನಿ ಏರಿತು, ಅವರ ದನಿಯೂ ಏರಿತು. ಒಬ್ಬರಿಗೆ ಕೊಟ್ಟರೆ ಉಳಿದವರು ಸುಮ್ಮನಿರುತ್ತಾರಾ ಎಂದರು. ಅವರು ಕೆಟ್ಟವರಲ್ಲ, ಜೀವನವಿಡೀ ಒಬ್ಬರಿಗೆ ಕೊಟ್ಟರೆ ಉಳಿದವರಿಗೆ ಏನು ಹೇಳುವುದು ಎಂದು ಯೋಚಿಸುತ್ತಲೇ ನಿವೃತ್ತರಾದವರು. ಕೊನೆಗೆ, ಬರದೇ ಇದ್ದವರಿಗೆಲ್ಲ ಒಂದು ಮೇಲ್ ಕಳಿಸಿಬಿಡಿ ಎಂದು ಫೋನಿನಲ್ಲೇ ಒಕ್ಕಣೆ ಹೇಳಿದರು. ಪ್ರಸಕ್ತ ಸಾಲಿನ ಎಲ್ಲ ಸ್ಥಾನಗಳು ಭರ್ತಿಯಾಗಿರುವುದರಿಂದ ಎರಡನೇ ಸಂದರ್ಶನ ನಡೆಸಲಾಗುವುದಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.

ಟೈಪ್ ಮಾಡಿದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಇದೊಂದು ಮೇಲ್ ಸ್ಪ್ಯಾಮಿಗೇ ಹೋಗಲಿ ಎಂದು ಅವತ್ತು ಮೊದಲ ಬಾರಿ ಬಯಸಿದೆ. ಒತ್ತಿದೆ.

ನೀರು ಕುಡಿದು ಬರುವಷ್ಟರಲ್ಲಿ ಫೋನ್ ಬಂತು. ಆಕೆಯ ದನಿ ಎಂದಿನಂತಿರಲಿಲ್ಲ, ಮೇಲೇರಿತ್ತು.

"ಬಂತು ಮೇಡಂ! ಆ ಕೋಣೆಗಲ್ಲ, ಮೇಲೇ ಬಂದೈತೆ, ಎಲ್ಲಕ್ಕಿಂತ ಮೊದ್ಲೇ! ಸಂಸ್ಥೆ ಹೆಸರು ದಪ್ಪಕ್ಷರದಾಗೆ ಐತೆ. ಇನ್ನೂ ತೆಗೆದಿಲ್ಲ. ಮೊದ್ಲು ನಿಮಗೆ ಹೇಳಿ ಆಮೇಲೆ ತೆಗಿಯೋಣ ಅಂತ."

ನನ್ನ ಯಂತ್ರ ಕೊನೆಗೂ ಸರಿಯಾಗಿತ್ತು.

"ತೆಗೀಬೇಡ್ರಿ," ಎಂದೆ. "ಅದರಲ್ಲಿ ಇರೋದನ್ನ ನಾನೇ ಹೇಳ್ತೀನಿ."

ಹೇಳಿದೆ. ಒಕ್ಕಣೆಯ ಮಾತುಗಳನ್ನು ಬಿಟ್ಟು, ನನ್ನ ಮಾತಿನಲ್ಲೇ ಹೇಳಿದೆ. ಆ ಕಡೆ ಒಂದು ಟ್ರ್ಯಾಕ್ಟರ್ ಹಾದುಹೋದ ಸದ್ದು ಕೇಳಿಸಿತು. ಆಕೆ ಫೋನ್ ಇಟ್ಟಿರಬೇಕು ಎಂದುಕೊಂಡೆ. ಇಟ್ಟಿರಲಿಲ್ಲ.

"ಹಂಗಾದ್ರೆ ನಾಳೆಯಿಂದ ಬೆಳಿಗ್ಗೆ ನೋಡೋದು ಬೇಡ," ಎಂದಳು.

"ಬೇಡ," ಎಂದೆ.